ಎಳೆಯ ದಾಂಡಿಗನ ಎರಡನೆಯ ವರ್ಷ

(ಬೇಸಿಗೆ ಕ್ರಿಕೆಟ್ ಶಿಬಿರವೊಂದರಲ್ಲಿ ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



‘ಬೆಳೆಯುವ ಪೈರು ಮೊಳಕೆಯಲ್ಲೇ ಕಾಣುತ್ತದೆ’ ಎಂಬ ಮಾತನ್ನು ಕ್ರಿಕೆಟ್ ಮೈದಾನದ ಅಂಚಿನಲ್ಲಿ ನಿಂತವರಷ್ಟು ನಂಬುವವರು ಬೇರೆ ಯಾರೂ ಇರಲಾರರು. ಹದಿಮೂರರ ಹುಡುಗನೊಬ್ಬ ಶಾಲಾ ಪಂದ್ಯದಲ್ಲಿ ಇನ್ನೂರು ರನ್ ಬಾರಿಸಿದರೆ ಸಾಕು, ‘ಇವನು ದೇಶಕ್ಕೆ ಆಡುತ್ತಾನೆ’ ಎಂಬ ಭವಿಷ್ಯ ಸಂಜೆಯೊಳಗೆ ಸಿದ್ಧವಾಗುತ್ತದೆ. ಆ ಮಾತು ನಂಬಿ ಮಗನ ಶಾಲೆ ಬಿಡಿಸಿದವರಿದ್ದಾರೆ, ಊರು ಬದಲಿಸಿದವರಿದ್ದಾರೆ, ಸಾಲ ಮಾಡಿದವರೂ ಇದ್ದಾರೆ. ಆದ್ದರಿಂದ ಈ ಮೊಳಕೆ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದನ್ನು ಕೊಂಚ ನಿಧಾನವಾಗಿ ನೋಡೋಣ.

1988ರಲ್ಲಿ ಮುಂಬೈನ ಆಜಾದ್ ಮೈದಾನದಲ್ಲಿ ಹ್ಯಾರಿಸ್ ಶೀಲ್ಡ್ ಪಂದ್ಯ. ಶಾರದಾಶ್ರಮ ಶಾಲೆಯ ಇಬ್ಬರು ಹುಡುಗರು ಮುರಿಯದ ಜತೆಯಾಟದಲ್ಲಿ 664 ರನ್ ಸೇರಿಸಿದರು. ವಿನೋದ್ ಕಾಂಬ್ಳಿ ಅಜೇಯ 349, ಸಚಿನ್ ತೆಂಡೂಲ್ಕರ್ ಅಜೇಯ 326. ಸ್ಕೋರು ಪುಸ್ತಕವೊಂದನ್ನೇ ಮುಂದಿಟ್ಟುಕೊಂಡು ಒಬ್ಬನನ್ನು ಆರಿಸಿ ಎಂದಿದ್ದರೆ ಕಾಂಬ್ಳಿಯನ್ನೇ ಆರಿಸಬೇಕಿತ್ತು. ಟೆಸ್ಟ್ ಕ್ರಿಕೆಟ್‌ನಲ್ಲೂ ಆರಂಭದ ಲೆಕ್ಕ ಹಾಗೆಯೇ ಇತ್ತು. 1989ರಲ್ಲಿ ಕರಾಚಿಯಲ್ಲಿ ಪದಾರ್ಪಣೆ ಮಾಡಿದ ತೆಂಡೂಲ್ಕರ್ ಗಳಿಸಿದ್ದು 15. ಅವರ ಮೊದಲ ಶತಕ ಬಂದದ್ದು 1990ರ ಆಗಸ್ಟ್‌ನಲ್ಲಿ. ಕಾಂಬ್ಳಿಯೋ 1993ರಲ್ಲಿ ತಮ್ಮ ಮೊದಲ ಏಳು ಟೆಸ್ಟ್‌ಗಳಲ್ಲೇ ನಾಲ್ಕು ಶತಕ ಹೊಡೆದರು. ಅವುಗಳಲ್ಲಿ ಎರಡು ದ್ವಿಶತಕಗಳು, ಅದೂ ಸಾಲಾಗಿ: ಇಂಗ್ಲೆಂಡ್ ವಿರುದ್ಧ 224, ಜಿಂಬಾಬ್ವೆ ವಿರುದ್ಧ 227. ಹದಿನಾಲ್ಕೇ ಇನಿಂಗ್ಸ್‌ಗಳಲ್ಲಿ ಸಾವಿರ ರನ್.

1995ರಲ್ಲಿ ಅವರ ಟೆಸ್ಟ್ ಬದುಕು ಮುಗಿದೇ ಹೋಯಿತು. ಆಡಿದ್ದು 17 ಟೆಸ್ಟ್, ಸರಾಸರಿ 54.20, ವಯಸ್ಸು 23.

ಇದಕ್ಕೆ ನೂರು ಕಾರಣ ಹೇಳುವವರಿದ್ದಾರೆ. ಅವರ ಖಾಸಗಿ ಬದುಕಿನ ವಿಚಾರಣೆ ನಮಗೆ ಬೇಡ. ಮೈದಾನದಲ್ಲಿ ನಡೆದದ್ದಿಷ್ಟು: 1994ರ ಕೊನೆಯಲ್ಲಿ ಭಾರತಕ್ಕೆ ಬಂದ ವೆಸ್ಟ್ ಇಂಡೀಸ್‌ನ ವೇಗಿಗಳು, ಅದರಲ್ಲೂ ಕರ್ಟ್ನಿ ವಾಲ್ಶ್, ಎದೆಯೆತ್ತರಕ್ಕೆ ಪುಟಿಯುವ ಚೆಂಡುಗಳಿಂದ ಅವರನ್ನು ಕಾಡಿದರು. ಮೊದಲ ವರ್ಷ ಲಾಭ ದಾಂಡಿಗನದು. ಅವನ ದೌರ್ಬಲ್ಯ ಬೌಲರುಗಳಿಗೆ ಗೊತ್ತಿರುವುದಿಲ್ಲ. ಎರಡನೆಯ ವರ್ಷದ ಹೊತ್ತಿಗೆ ಆ ಸುದ್ದಿ ಊರಿಂದೂರಿಗೆ ಹರಡಿರುತ್ತದೆ. ನಿಜವಾದ ಪರೀಕ್ಷೆ ಶುರುವಾಗುವುದೇ ಆಗ. ನನ್ನ ಅಭಿಪ್ರಾಯದಲ್ಲಿ ಹುಡುಗ ಎಷ್ಟು ರನ್ ಹೊಡೆದ ಎಂಬುದಕ್ಕಿಂತ, ಗುಟ್ಟು ರಟ್ಟಾದ ಮೇಲೆ ಏನು ಮಾಡಿದ ಎಂಬುದೇ ಮುಖ್ಯ.

ಇನ್ನೊಂದು ನಿದರ್ಶನ ನೋಡಿ. 2008ರಲ್ಲಿ ಮಲೇಷ್ಯಾದಲ್ಲಿ ನಡೆದ 19 ವರ್ಷದೊಳಗಿನವರ ವಿಶ್ವಕಪ್ಪನ್ನು ಭಾರತ ಗೆದ್ದಿತು. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 262 ರನ್ ಗಳಿಸಿದವರು ತನ್ಮಯ್ ಶ್ರೀವಾಸ್ತವ. ನಾಯಕ ವಿರಾಟ್ ಕೊಹ್ಲಿ ಗಳಿಸಿದ್ದು 235. ತನ್ಮಯ್ ಭಾರತದ ಹಿರಿಯರ ತಂಡಕ್ಕೆ ಒಮ್ಮೆಯೂ ಆಡಲಿಲ್ಲ. ಕೊಹ್ಲಿ 123 ಟೆಸ್ಟ್ ಆಡಿ 2025ರಲ್ಲಿ ಟೆಸ್ಟ್ ಕ್ರಿಕೆಟ್‌ಗೆ ವಿದಾಯ ಹೇಳಿದರು. ಆದರೆ ಅವರ ಗುಟ್ಟೂ ರಟ್ಟಾಗಿತ್ತು. 2014ರಲ್ಲಿ ಇಂಗ್ಲೆಂಡ್‌ನಲ್ಲಿ ಜೇಮ್ಸ್ ಆ್ಯಂಡರ್‌ಸನ್ ಅವರು ಆಫ್‌ಸ್ಟಂಪಿನಾಚೆ ಚೆಂಡನ್ನು ತಿರುಗಿಸಿ ತಿರುಗಿಸಿ ಬಲಿ ಪಡೆದರು. ಐದು ಟೆಸ್ಟ್‌ಗಳಲ್ಲಿ ಕೊಹ್ಲಿ ಒಟ್ಟು 134 ರನ್. ಅದೇ ವರ್ಷದ ಕೊನೆಗೆ ಶುರುವಾದ ಆಸ್ಟ್ರೇಲಿಯಾ ಪ್ರವಾಸದಲ್ಲಿ ನಾಲ್ಕು ಶತಕ. 2018ರಲ್ಲಿ ಮತ್ತೆ ಇಂಗ್ಲೆಂಡ್‌ಗೆ ಹೋಗಿ, ಕ್ರೀಸಿನಿಂದ ಮುಂದೆ ನಿಂತು, ಸ್ವಿಂಗ್ ಆಗುವ ಮುನ್ನವೇ ಚೆಂಡನ್ನು ಎದುರಿಸಿ 593 ರನ್ ಗಳಿಸಿದರು. ಹತ್ತೊಂಬತ್ತರ ಹುಡುಗನಲ್ಲಿ ಇದನ್ನು ಯಾವ ಆಯ್ಕೆಗಾರ ಕಂಡಾನು? ಹೇಗೆ ಕಂಡಾನು?

ಕಾಣಲು ಅಡ್ಡಿಯಾಗುವ ಸಂಗತಿಗಳಲ್ಲಿ ಮೊದಲನೆಯದು ಮೈಕಟ್ಟು. ನಮ್ಮಲ್ಲಿ ವಯೋಮಿತಿಯ ಲೆಕ್ಕ ಸೆಪ್ಟೆಂಬರ್ 1ರಿಂದ. ಸೆಪ್ಟೆಂಬರ್‌ನಲ್ಲಿ ಹುಟ್ಟಿದವನೂ ಮುಂದಿನ ಆಗಸ್ಟ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ಆಡುತ್ತಾರೆ. ಹದಿನಾಲ್ಕರ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ನಾಲ್ಕು ಬೆರಳು ಎತ್ತರ, ತೋಳಿನಲ್ಲಿ ಅಷ್ಟೇ ಬಲ. ಮೀಸೆ ಚಿಗುರಿದವನು ಎತ್ತಿ ಹೊಡೆದದ್ದು ಸಿಕ್ಸರ್ ಆಗುತ್ತದೆ. ಮೀಸೆ ಬಾರದವನು ಅದೇ ಹೊಡೆತ ಹೊಡೆದರೆ ಕ್ಯಾಚ್. ಇಬ್ಬರಿಗೂ ಹತ್ತೊಂಬತ್ತು ತುಂಬಿದಾಗ ಈ ವ್ಯತ್ಯಾಸ ಉಳಿಯುವುದಿಲ್ಲ. ವಯಸ್ಸನ್ನೇ ಕದಿಯುವವರ ಕತೆ ಬೇರೆ; ಆ ಚಾಳಿ ತಡೆಯಲು ಕ್ರಿಕೆಟ್ ಮಂಡಳಿ ಮೂಳೆಯ ಎಕ್ಸ್‌ರೇ ಪರೀಕ್ಷೆಯನ್ನೇ ತರಬೇಕಾಯಿತು.

ಇನ್ನು ಪಿಚ್. ಶಾಲಾ ಪಂದ್ಯಗಳು ಬಹುಪಾಲು ಮ್ಯಾಟಿನ ಮೇಲೆ ನಡೆಯುತ್ತವೆ. ಅಲ್ಲಿ ಪುಟಿತ ಒಂದೇ ಸಮ. ಚೆಂಡು ಎಲ್ಲಿಗೆ ಬರುತ್ತದೆಂಬುದು ಹುಡುಗನಿಗೆ ಬಾಯಿಪಾಠವಾಗಿರುತ್ತದೆ. ಹುಲ್ಲಿನ ಪಿಚ್ಚಿನ ಮೇಲೆ ಮೊದಲ ಗಂಟೆಯಲ್ಲಿ ಹೊಸ ಚೆಂಡು ಅಡ್ಡಾದಿಡ್ಡಿ ಹೋದಾಗ ಆ ಪಾಠ ಕೈಕೊಡುತ್ತದೆ. ಆದ್ದರಿಂದ ಅನುಭವಿ ತರಬೇತುದಾರರು ಹೊಡೆದ ಚೆಂಡಿಗಿಂತ ಬಿಟ್ಟ ಚೆಂಡನ್ನು ಹೆಚ್ಚು ಗಮನಿಸುತ್ತಾರೆ. ತಲೆ ಅಲುಗದೆ ನಿಲ್ಲುತ್ತದೆಯೇ? ಚೆಂಡು ಎಲ್ಲಿ ಬೀಳುತ್ತದೆಂದು ಬೇಗ ಗ್ರಹಿಸಿ, ತಡವಾಗಿ ಆಡುತ್ತಾನೆಯೇ? ಔಟಾದ ರೀತಿಯಲ್ಲೇ ಮುಂದಿನ ವಾರವೂ ಔಟಾಗುತ್ತಾನೆಯೇ?

ಈ ಕೊನೆಯ ಪ್ರಶ್ನೆಗೆ ನಮ್ಮ ರಾಹುಲ್ ದ್ರಾವಿಡ್‌ಗಿಂತ ಉತ್ತಮ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ಬೇಸಿಗೆ ಶಿಬಿರದಲ್ಲಿ ಕೇಕಿ ತಾರಾಪೊರ್ ಅವರ ಕಣ್ಣಿಗೆ ಬಿದ್ದ ಹುಡುಗ. 1991ರಲ್ಲಿ ರಣಜಿಗೆ ಬಂದರೂ ಟೆಸ್ಟ್‌ಗೆ ಕಾಯಬೇಕಾದದ್ದು 1996ರವರೆಗೆ. ಆಗ ವಯಸ್ಸು 23. ಕಾಂಬ್ಳಿಯ ಟೆಸ್ಟ್ ಬದುಕು ಮುಗಿದ ವಯಸ್ಸಿನಲ್ಲಿ ಇವರದು ಆರಂಭ. ನಿಧಾನಗತಿಯ ಆಟವೆಂದು 1998ರಲ್ಲಿ ಏಕದಿನ ತಂಡದಿಂದ ಕೈಬಿಟ್ಟರು. 1999ರ ವಿಶ್ವಕಪ್ಪಿನಲ್ಲಿ ಅವರದೇ ಅತಿ ಹೆಚ್ಚು ರನ್: 461. ನಡುವೆ ಕ್ರಿಕೆಟ್ ಬದಲಾಗಿರಲಿಲ್ಲ, ದ್ರಾವಿಡ್ ಬದಲಾಗಿದ್ದರು. ಓದನ್ನೂ ಬಿಟ್ಟಿರಲಿಲ್ಲ, ವಾಣಿಜ್ಯದ ಪದವಿ ಪಡೆದಿದ್ದರು. ಪೋಷಕರು ಇದನ್ನು ಮರೆಯಬಾರದು.

ಹುಡುಗ ಬದಲಾಗಲು ಸಿದ್ಧನಿದ್ದರೂ ಕಾಯುವವರು ಬೇಕಲ್ಲ? ಶ್ರೀಲಂಕಾದ ಮಾರ್ವನ್ ಅಟಪಟ್ಟು ಮೊದಲ ಮೂರು ಟೆಸ್ಟ್‌ಗಳ ಆರು ಇನಿಂಗ್ಸ್‌ಗಳಲ್ಲಿ ಗಳಿಸಿದ್ದು ಐದು ಸೊನ್ನೆ, ಒಂದೇ ಒಂದು ರನ್. ಅದೂ 1990ರಿಂದ 1994ರವರೆಗೆ ಹರಡಿಕೊಂಡ ನಾಲ್ಕು ವರ್ಷಗಳಲ್ಲಿ! ಮುಂದೆ ಅವರೇ ಆರು ದ್ವಿಶತಕ ಬಾರಿಸಿದರು, ಐದು ಸಾವಿರ ರನ್ ದಾಟಿದರು. ನಮ್ಮ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದ ಮೊದಲ ಟೆಸ್ಟ್‌ನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಸರದಿಯಲ್ಲಿ 137 ಹೊಡೆದರು. ಎರಡನೆಯ ಸರದಿ ಸಿಗದ ಪಂದ್ಯವಾಗಿದ್ದರೆ?

ಅವಕಾಶದ ಬಾಗಿಲು ಎಷ್ಟು ಕಿರಿದೆಂಬುದಕ್ಕೆ ಕರುಣ್ ನಾಯರ್ ಸಾಕ್ಷಿ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಮುಂದಿನ ಟೆಸ್ಟ್‌ನಲ್ಲಿ ಸ್ಥಾನವಿಲ್ಲ. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ತಮ್ಮ ಜಾಗಕ್ಕೆ ಮರಳಿದ್ದರು. 2017ರಲ್ಲಿ ಇನ್ನು ಮೂರು ಟೆಸ್ಟ್, ಆಮೇಲೆ ಎಂಟು ವರ್ಷ ಒಂದು ಟೆಸ್ಟನ್ನೂ ಆಡಲಿಲ್ಲ. ಕರ್ನಾಟಕ ತಂಡದಲ್ಲೂ ಜಾಗ ಕಳೆದುಕೊಂಡು ವಿದರ್ಭಕ್ಕೆ ಹೋದರು. ಅಲ್ಲಿ ರನ್ನಿನ ರಾಶಿ ಹಾಕಿ 2025ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಮತ್ತೆ ಆಯ್ಕೆಯಾದರು. ಆಗ ವಯಸ್ಸು 33. ಇವರಲ್ಲಿ ಪ್ರತಿಭೆಯಾಗಲೀ ಛಲವಾಗಲೀ ಕಡಿಮೆ ಇತ್ತೆಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಇಲ್ಲಿರುವ ಮಕ್ಕಳಲ್ಲಿ ಯಾರು ಮುಂದೆ ಬರುತ್ತಾರೆಂದು ನನ್ನನ್ನು ಕೇಳಬೇಡಿ. ಒಂದು ಪಂದ್ಯ ನೋಡಿ ಹೇಳುವವರನ್ನು ನಂಬಲೂ ಬೇಡಿ. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಮಗ ಹೊಡೆದ ರನ್ನನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನೀವು ಅವನು ಔಟಾದ ಬಗೆ ಬರೆದಿಡಿ: ಯಾವ ಬೌಲರ್, ಎಂಥ ಎಸೆತ, ಯಾವ ಹೊಡೆತ. ಎರಡು ಋತು ಕಳೆದ ಮೇಲೆ ಆ ಪುಸ್ತಕವನ್ನು ತರಬೇತುದಾರರ ಮುಂದಿಟ್ಟು ಮಾತಾಡಿ. ಅಲ್ಲಿಯವರೆಗೆ ಶಾಲೆ ಬಿಡಿಸಬೇಡಿ.

ತನ್ಮಯ್ ಶ್ರೀವಾಸ್ತವ 2020ರಲ್ಲಿ ಆಟ ನಿಲ್ಲಿಸಿದರು. ಕ್ರಿಕೆಟ್ ಬಿಡಲಿಲ್ಲ, ಅಂಪೈರಿಂಗ್ ಕಲಿತು, 2025ರಲ್ಲಿ ಐಪಿಎಲ್ ಅಂಪೈರುಗಳ ಸಾಲಿಗೆ ಸೇರಿದರು.