ಚಂಡಿಯ ಕಥೆಯನ್ನು ಚಂಡಿಯೇ ಹೇಳಲಿ
ರಾಣೆಬೆನ್ನೂರಿನ ಹುಡುಗಿಯರೇ, ನಿಮ್ಮೂರ ಮಗಳೊಬ್ಬಳು 18ನೇ ಶತಮಾನದಲ್ಲೇ ಕಾವ್ಯ ಕಟ್ಟಿದ್ದಳು, ಗೊತ್ತೇ? ಹೆಳವನಕಟ್ಟೆ ಗಿರಿಯಮ್ಮ. ಅವಳ 'ಉದ್ದಾಲಿಕನ ಕಥೆ'ಯ ಚಂಡಿ ಗಂಡ ಹೇಳಿದ್ದಕ್ಕೆಲ್ಲ ತಿರುಗಿ ನಿಲ್ಲುವ ಹೆಣ್ಣು. ಗಂಡ ಶಪಿಸುತ್ತಾನೆ, ಅವಳು ಕಲ್ಲಾಗುತ್ತಾಳೆ. ಅರ್ಜುನ ಬಂದು ಮುಟ್ಟುವ ತನಕ ಬಿಡುಗಡೆಯಿಲ್ಲ. ಶಾಪ ಕೊಡುವವನೂ ಗಂಡಸು, ಬಿಡಿಸುವವನೂ ಗಂಡಸು. ಅವಳು ಯಾಕೆ ತಿರುಗಿ ನಿಂತಳೆಂದು ಕೇಳಿದವರುಂಟೇ? ಕಥೆ ಪುರಾಣದಿಂದ ಬಂದದ್ದು. ಅದನ್ನು ಹಾಡುವ ದನಿಯನ್ನು ಗಿರಿಯಮ್ಮ ದಕ್ಕಿಸಿಕೊಂಡಳು. ಆ ಪ್ರಶ್ನೆ ಕೇಳುವ ಕೆಲಸ ನಮಗೆ ಉಳಿದಿದೆ.

ನಮ್ಮ ಸಣ್ಣಕಥೆಗಳಲ್ಲೂ ಎಷ್ಟೋ ಚಂಡಿಯರಿದ್ದಾರೆ. ಅಳುತ್ತಾರೆ, ಸಹಿಸುತ್ತಾರೆ, ಕೊನೆಗೆ ಬಾವಿಗೆ ಹಾರಿ ಕಥೆ ಮುಗಿಸಿಕೊಡುತ್ತಾರೆ. ಇದು ಸಾಕು. ಬಾನು ಮುಷ್ತಾಕರ 'ಕರಿ ನಾಗರಗಳು' ಕಥೆ ಓದಿ. ನ್ಯಾಯ ಕೇಳಿ ಮಸೀದಿಗೆ ಬಂದ ಅಶ್ರಫಳಿಗೆ ಮಸೀದಿಯ ಆಡಳಿತ ನೋಡುವ ಮುತವಲ್ಲಿ ಕಿವಿಗೊಡುವುದಿಲ್ಲ. ಕೊನೆಯಲ್ಲಿ ಊರ ಹೆಂಗಸರೇ ಅವನಿಗೆ ಶಾಪ ಹಾಕುತ್ತಾರೆ. ಶಾಪ ಈಗ ಹೆಂಗಸರ ಬಾಯಿಗೆ ಬಂದಿದೆ! ಹೆಣ್ಣುಮಕ್ಕಳ ಮಸೀದಿ ಪ್ರವೇಶದ ಪರ ಮಾತಾಡಿದ್ದಕ್ಕೆ 2000ದಲ್ಲಿ ಬಾನು ಅವರಿಗೆ ಬಹಿಷ್ಕಾರ ಹಾಕಿದರು. ಅವರು ಬಾಯಿ ಮುಚ್ಚಲಿಲ್ಲ. 2025ರಲ್ಲಿ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು.

ಈಗ ನಿಮ್ಮ ಸುತ್ತ ನೋಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಕಾಯಿಯ ತೊಟ್ಟು ಬಿಡಿಸುತ್ತ ದಿನವಿಡೀ ಘಾಟು ಕುಡಿಯುವ ಹೆಂಗಸರ ಕಥೆ ಎಲ್ಲಿದೆ? ರಾಣೆಬೆನ್ನೂರಿನ ಬೀಜದ ಹೊಲಗಳಲ್ಲಿ ಬಗ್ಗಿ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗಸ್ಪರ್ಶ, ಮಾಡುವವರ ಕಥೆ? ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಹುಡುಗಿಯ ಕಾಲೇಜು ಬಿಡಿಸಿದ ಸುದ್ದಿಯನ್ನು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವ ಅವ್ವನ ಕಥೆ?

ನೀವು ಬರೆಯಬೇಕು. ಈ ವರ್ಷವೇ ಬರೆಯಬೇಕು. ಗಂಡುಮಕ್ಕಳೇ, ನೀವೂ. 'ನಿನಗೇನ್ ತಿಳೀತೈತಿ, ಸುಮ್ನಿರು' ಎನ್ನುವ ಮಾತು ನಿಮ್ಮ ಮನೆಯಲ್ಲಿ ನಿಮ್ಮ ತಲೆಮಾರಿಗೇ ನಿಲ್ಲಲಿ. ಅವ್ವ ಮಾತಾಡುವಾಗ ನಡುವೆ ಬಾಯಿ ಹಾಕದೆ ಕೇಳುವುದನ್ನು ಕಲಿಯಿರಿ. ಕಥೆಗಾರನ ಮೊದಲ ಪಾಠ ಅದೇ.

ಯಾರ ಕಥೆ ಬರೆಯುತ್ತೀರೋ ಅವಳ ಒಪ್ಪಿಗೆ ಕೇಳಿ, ಹೆಸರು ಬದಲಿಸಿ, ಅವಳ ಮಾತನ್ನು ಅವಳ ಹಾವೇರಿ ಕನ್ನಡದಲ್ಲೇ ಇಡಿ. ಅಚ್ಚಿಗೆ ಕಳಿಸುವ ಮುಂಚೆ ಎದುರು ಕೂತು ಓದಿ ಹೇಳಿ. 'ನಾ ಹಿಂಗ ಅಂದಿಲ್ಲ' ಎಂದರೆ, ತಿದ್ದಿ ಬರೆಯಿರಿ.