ಬಂದರಿಕೆ: ಕಡಲ ಮರಳಿನಿಂದ ಎಡೆದೊರೆ ನಾಡಿನ ಕಲ್ಲುಗುಡ್ಡಕ್ಕೆ

ರಾಯಚೂರಿನಿಂದ ದೇವದುರ್ಗದ ಕಡೆ ಹೋದರೂ ಅಷ್ಟೆ, ಮಾನ್ವಿಯ ಕಡೆ ಹೋದರೂ ಅಷ್ಟೆ. ಎರೆಹೊಲ ಮುಗಿದು ಬಂಡೆಗಲ್ಲಿನ ಗುಡ್ಡ ಶುರುವಾದರೆ ನಡುಬೇಸಿಗೆಯಲ್ಲೂ ಎಲೆ ಉದುರಿಸದ, ಆಳೆತ್ತರದ ಪೊದೆಗಳನ್ನು ನೋಡಬಹುದು. ಅದೇ ಬಂದರಿಕೆ. ಗಡಿಯಾಚೆಯ ತೆಲುಗರಿಗೆ ಬಂದಾರು. ಎಲೆ ಹಿಸುಕಿದರೆ ಬೆರಳಿಗೆ ಅಂಟು ಹತ್ತುತ್ತದೆ. ಆಡು, ಕುರಿ ಮೂಸಿ ನೋಡಿ ಮುಂದೆ ಹೋಗುತ್ತವೆ. ಹೀಗೆ ಯಾರ ಬಾಯಿಗೂ ರುಚಿಸದ ಈ ಗಿಡದ ಚರಿತ್ರೆ ಮಾತ್ರ ಬಹಳ ದೊಡ್ಡದು.

ಅದರ ಮೊದಲ ಅಧ್ಯಾಯ ನಡೆದದ್ದು ಸಮುದ್ರದ ದಂಡೆಯಲ್ಲಿ. ಉಷ್ಣವಲಯದ ಎಷ್ಟೋ ಕಡಲತೀರಗಳ ಮರಳು ದಿಬ್ಬಗಳಲ್ಲಿ ಇದೇ ಜಾತಿಯ ಗಿಡ ಬೆಳೆಯುತ್ತದೆ. ಈ ಕುಲದಲ್ಲಿ ಸುಮಾರು 70 ಜಾತಿಗಳಿದ್ದು, ಬಹುಪಾಲು ಆಸ್ಟ್ರೇಲಿಯಾದಲ್ಲೇ ಇವೆ. 2009ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನವೊಂದು ಬಂದರಿಕೆಯ ಬೇರೂ ಅಲ್ಲೇ ಇದೆ ಎಂದಿತು. ಭೂಮಿಯ ವಯಸ್ಸಿಗೆ ಹೋಲಿಸಿದರೆ ತೀರ ಈಚೆಗೆ, ಅಂದರೆ ಸುಮಾರು 20 ಲಕ್ಷ ವರ್ಷಗಳೊಳಗೆ, ಅದು ಹವಾಯಿ, ಆಫ್ರಿಕಾ, ಅಮೆರಿಕ, ಭಾರತ ಎಲ್ಲ ಕಡೆ ಹರಡಿತು. ಹರಡಿದ್ದು ಹೇಗೆ ಎಂಬುದನ್ನು ಕಾಯಿ ಕೈಗೆತ್ತಿಕೊಂಡರೆ ತಿಳಿಯಬಹುದು. ಕಾಗದದಷ್ಟು ತೆಳ್ಳಗಿನ ಮೂರು ರೆಕ್ಕೆ, ಕೆಲವೊಮ್ಮೆ ಎರಡು ಅಥವಾ ನಾಲ್ಕು. ಒಳಗೆ ಗಟ್ಟಿ ಸಿಪ್ಪೆಯ ಪುಟ್ಟ ಕರಿ ಬೀಜ. ನೆಲದಲ್ಲಿ ಗಾಳಿ ಒಯ್ಯುತ್ತದೆ, ಕಡಲಲ್ಲಿ ನೀರು ಒಯ್ಯುತ್ತದೆ. ಉಪ್ಪುನೀರಿನಲ್ಲಿ ತೇಲಿ ಬಂದರೂ ಬೀಜ ಕೆಡುವುದಿಲ್ಲ.

ದಂಡೆಯ ಗಿಡದ ಎಲೆ ಅಗಲ. ಒಳನಾಡಿನ ನಮ್ಮ ಗಿಡದ ಎಲೆ ಕಿರಿದು, ಉದ್ದ. ಮರಳು ದಿಬ್ಬವೂ ಕಲ್ಲುಗುಡ್ಡವೂ ಬೇರೆ ಬೇರೆ ಎನಿಸಿದರೂ ಗಿಡಕ್ಕೆ ಒಡ್ಡುವ ಕಷ್ಟ ಒಂದೇ: ನೀರು ನಿಲ್ಲುವುದಿಲ್ಲ, ಬಿಸಿಲು ಬಿಡುವುದಿಲ್ಲ, ಗಾಳಿಗೆ ತಡೆಯಿಲ್ಲ. ಎಲೆಯ ಮೇಲಿನ ಅಂಟು ಆ ಕಷ್ಟ ತಡೆಯಲು ನೆರವಾಗುತ್ತದೆ.

ಪುಸ್ತಕಕ್ಕೆ ಗಿಡ ಸೇರಿದ್ದು 18ನೆಯ ಶತಮಾನದಲ್ಲಿ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಅದನ್ನು ಬೇರೊಂದು ಕುಲದಲ್ಲಿಟ್ಟಿದ್ದ. 1760ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ಜಾಕಿನ್ ಅದಕ್ಕೆ ಡೊಡೊನಿಯಾ ವಿಸ್ಕೋಸಾ ಎಂಬ ಈಗಿನ ಹೆಸರು ಕೊಟ್ಟ. 1554ರಲ್ಲಿ ಗಿಡಮೂಲಿಕೆಗಳ ದೊಡ್ಡ ಗ್ರಂಥ ತಂದ ಫ್ಲಾಂಡರ್ಸ್‌ನ ವೈದ್ಯ ಡೊಡೊಯೆನ್ಸ್ ನೆನಪಿಗೆ ಆ ಕುಲನಾಮ. ಆಸ್ಟ್ರೇಲಿಯಾಕ್ಕೆ ವಲಸೆ ಹೋದ ಯುರೋಪಿಯನ್ನರು ಇದರ ಕಾಯಿ ಹಾಕಿ ಬಿಯರ್ ಮಾಡಿದರು. ನ್ಯೂಜಿಲೆಂಡಿನ ಮಾವೋರಿಗಳು ಇದರ ಗಟ್ಟಿ ಮರದಿಂದ ಆಯುಧ ಕೆತ್ತಿದರು.

ನಮ್ಮಲ್ಲಿ ಅದು ಮನೆಯ ಮಾಳಿಗೆ ಏರಿತು. ಕೃಷ್ಣಾ, ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿಗಾಗಿ ಶತಮಾನಗಟ್ಟಲೆ ಕಾದಾಟ ನಡೆಯಿತು. 1294ರ ಶಾಸನ ಹೊತ್ತ ರಾಯಚೂರು ಕೋಟೆಗೆ 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದ್ದೂ ಅದಕ್ಕೇ. ಅರಸರ ಕೋಟೆಗೆ ಕಲ್ಲು ಬೇಕಿತ್ತು. ಬಯಲುಸೀಮೆಯ ರೈತನ ಮಾಳಿಗೆಗೆ ಗುಡ್ಡದ ಸೊಪ್ಪು ಸಾಕಿತ್ತು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಬಂದರಿಕೆಯ ಕಟ್ಟಿಗೆ, ಸೊಪ್ಪು. ಅದರ ಮೇಲೆ ಮಣ್ಣು ಹಾಕಿ ತುಳಿದು, ಕೊನೆಗೆ ನೀರು ಇಳಿಯದಂತೆ ಚೌಳುಮಣ್ಣು. ಮಣ್ಣು ಕೆಳಗೆ ಉದುರದಂತೆ ಸೊಪ್ಪು ಹಿಡಿದಿಡುತ್ತಿತ್ತು. ಆ ಅಂಟಿಗೆ, ಆ ಕಹಿಗೆ ಗೆದ್ದಲು ಬೇಗ ಹತ್ತುವುದಿಲ್ಲ ಎನ್ನುತ್ತಾರೆ ಹಳಬರು. ಉಳುಕಿದ ಕಾಲಿಗೆ ಎಲೆ ಬಿಸಿ ಮಾಡಿ ಕಟ್ಟಿದರು. ಹಸಿಯಿದ್ದರೂ ಉರಿಯುವ ಕಟ್ಟಿಗೆಯನ್ನು ಒಲೆಗೆ ಹಾಕಿದರು. ಹೊಲಕ್ಕೆ ಬೇಲಿಯೂ ಅದೇ ಆಯಿತು.

ಬೇಲಿಯ ಜಾಗಕ್ಕೆ ಮೊದಲು ಪೈಪೋಟಿ ಬಂದದ್ದು ಹೊರನಾಡಿನಿಂದ. 1877ರ ಸುಮಾರಿಗೆ ಕಡಪದ ಕಡೆ ನೆಡಲೆಂದು ಬ್ರಿಟಿಷರು ತರಿಸಿದ ಅಮೆರಿಕದ ಜಾಲಿ ನಮ್ಮಲ್ಲಿ ಬಳ್ಳಾರಿ ಜಾಲಿಯಾಗಿ ಹಳ್ಳ, ಬದು, ಬೀಳು ಎಲ್ಲವನ್ನೂ ತುಂಬಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿಯ ಕಡೆ ಭತ್ತದ ಗದ್ದೆಗಳಾದವು. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಮುಂದೆ ದೇವದುರ್ಗದ ನೆಲಕ್ಕೂ ನೀರು ತಂದಿತು. ಮಾಳಿಗೆಯ ಜಾಗದಲ್ಲಿ ಆರ್‌ಸಿಸಿ ಬಂತು, ಒಲೆಯ ಜಾಗದಲ್ಲಿ ಗ್ಯಾಸ್ ಬಂತು. ಬಂದರಿಕೆ ಮನೆಯಿಂದ ಹೊರಬಿದ್ದು ಗುಡ್ಡದಲ್ಲೇ ಉಳಿಯಿತು.

ಈಗ ಅದರ ಬೆಲೆ ಇರುವುದು ಅಲ್ಲೇ. ಬೋಳುಗುಡ್ಡಕ್ಕೆ ಯಾವ ಸಸಿ ನೆಟ್ಟರೂ ಮೊದಲ ಕಂಟಕ ಆಡಿನ ಬಾಯಿ. ಬಂದರಿಕೆಗೆ ಮುಳ್ಳುತಂತಿ ಬೇಡ, ಕಾವಲುಗಾರ ಬೇಡ. ಬೇರು ಬಂಡೆ ಸಂದಿಯ ಮಣ್ಣು ಹಿಡಿಯುತ್ತದೆ. ಅದರ ನೆರಳಿನಲ್ಲಿ ಬೇರೆ ಬೀಜಗಳು ಮೊಳೆಯಬಹುದು. ಮೇವಾಗದ್ದು ಎಂಬ ದೋಷವೇ ಇಲ್ಲಿ ಗುಣ.

ಬೆಳೆಸುವುದು ಕಷ್ಟವಲ್ಲ. ಒಣಗಿ ಕಂದು ಬಣ್ಣಕ್ಕೆ ತಿರುಗಿದ ಕಾಯಿ ತಿಕ್ಕಿ ಬೀಜ ಬಿಡಿಸಿ. ಸಿಪ್ಪೆ ಗಟ್ಟಿಯಾದ್ದರಿಂದ ಹಾಗೇ ಹಾಕಿದರೆ ಮೊಳೆಯಲು ತಡ. ಕುದಿಸಿ ಇಳಿಸಿದ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಮುಂಗಾರಿನ ಮೊದಲ ಹದ ಮಳೆಗೆ ಇಳಿಜಾರಿನ ಕಲ್ಲುಗಳ ಸಂದಿಯಲ್ಲಿ ಬಿತ್ತಿ. ಊರ ಗುಡ್ಡ ಬೋಳಾಗಿದ್ದರೆ ಸಸಿ ಕೊಳ್ಳಲು ಹಣ ಬರಲಿ ಎಂದು ಪಂಚಾಯಿತಿಯವರು ಕಾಯಬೇಕಾಗಿಲ್ಲ. ಪಕ್ಕದೂರಿನ ಗುಡ್ಡದಿಂದ ಒಂದು ಚೀಲ ಕಾಯಿ ತಂದರೆ ಕೆಲಸ ಶುರು ಮಾಡಬಹುದು.