ಕ್ಯಾಮೆರಾದ ಕಿಂಡಿಗೆ ಒಪ್ಪವಿಡುವುದು

ಸಾಸ್ತಾನದಿಂದ ಕುಂದಾಪುರದ ದಾರಿ ಹಿಡಿದರೆ ಮೊದಲು ಸಾಲಿಗ್ರಾಮ, ಬಳಿಕ ಕೋಟ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರನ್ನು ಕಾದಂಬರಿಕಾರರೆಂದು ಎಲ್ಲರೂ ಬಲ್ಲರು. ಮೂಕಿಚಿತ್ರಗಳ ಕಾಲದಲ್ಲಿ ಅವರು ಚಲನಚಿತ್ರವನ್ನೂ ತಯಾರಿಸಿದ್ದರೆಂದು ನೆನೆಯುವವರು ವಿರಳ. ಯಂತ್ರದ ಮಾತು ಸಾಹಿತ್ಯಪ್ರಿಯರಿಗೆ ಸಲ್ಲದೆಂಬ ಸಂಕೋಚವನ್ನು ಅವರ ನೆನಪಿನಲ್ಲಿ ಬದಿಗಿಟ್ಟು, ಇಂದು ಬೆರಳುಗುರಿನಷ್ಟೇ ಇರುವ ಒಂದು ಲೋಹದ ಕಿಂಡಿಯ ಸಂಗತಿ ಹೇಳುತ್ತೇನೆ.

ಫಿಲ್ಮ್ ಕ್ಯಾಮೆರಾದಲ್ಲಿ ಮಸೂರದ ಹಿಂದೆ ಇರುವ ಈ ಕಿಂಡಿಗೆ ಗೇಟ್ ಎಂದು ಹೆಸರು. ಸೆಕೆಂಡಿಗೆ 24 ಸಲ ಫಿಲ್ಮು ಅದರ ಬಳಿ ಬಂದು ನಿಂತು, ಬೆಳಕುಂಡು, ಮುಂದೆ ಸರಿಯುತ್ತದೆ. 16 ಮಿ.ಮೀ. ಫಿಲ್ಮಿನಲ್ಲಿ ಚಿತ್ರದ ಅಗಲ ಸುಮಾರು 10.26 ಮಿ.ಮೀ. ಸ್ವೀಡನ್ನಿನ ರೂನೆ ಎರಿಕ್ಸನ್ 1970ರ ಸುಮಾರಿಗೆ, ಒಂದೇ ಅಂಚಿನಲ್ಲಿ ರಂಧ್ರಗಳಿರುವ ಫಿಲ್ಮನ್ನು ಬಳಸಿ, ಇನ್ನೊಂದು ಅಂಚನ್ನೂ ಚಿತ್ರಕ್ಕೆ ದಕ್ಕಿಸಿಕೊಂಡರು. ಅಗಲ 12.52 ಮಿ.ಮೀ. ಆಯಿತು. ಇದೇ ಸೂಪರ್ 16. ಹಳೆಯ ಕ್ಯಾಮೆರಾಗಳ ಗೇಟನ್ನು ಅರದಿಂದ ಉಜ್ಜಿ ಹಿಗ್ಗಿಸುವ ಕಸುಬು ಅಲ್ಲಿಂದ ಹಬ್ಬಿತು.

ಉಜ್ಜುವುದು ಸುಲಭ, ಕಷ್ಟವೆಲ್ಲ ಆಮೇಲಿನದು. ಅರ ಹರಿದಲ್ಲಿ ಕಣ್ಣಿಗೆ ಕಾಣದ ಸಿಬಿರು ಏಳುತ್ತದೆ. ಗೇಟಿಗೆ ತಾಗುವುದು ಫಿಲ್ಮಿನ ರಾಸಾಯನಿಕ ಲೇಪದ ಮೈ. ಒಂದೇ ಸಿಬಿರು ಸುರುಳಿಯುದ್ದಕ್ಕೂ ಗೆರೆ ಕೊರೆಯಬಲ್ಲದು. ಬಡಗುತಿಟ್ಟಿನ ಆಟವೊಂದನ್ನು ಹಾಗೆ ಚಿತ್ರೀಕರಿಸಿದ್ದರೆನ್ನಿ. ವೇಷಧಾರಿ ತೀರಿಕೊಂಡ ಮೇಲೂ ಅವನ ಮುಖದ ಮೇಲೆ ಆ ಗೆರೆ ಉಳಿಯುತ್ತದೆ. ಮತ್ತೆ ಕುಣಿಸಿ ತೆಗೆಯೋಣವೆಂದರೆ ಯಾರನ್ನು ಕುಣಿಸುವುದು?

ಆದುದರಿಂದ ಮೊದಲು ನಯವಾದ ಅರ. ಬಳಿಕ ನೀರಿನಲ್ಲಿ ನೆನೆಸಿದ 600, 1000, 2000ರ ಉಜ್ಜುಕಾಗದ. ಕೊನೆಗೆ ಮರದ ಕಡ್ಡಿಯ ತುದಿಗೆ ಹಚ್ಚಿದ ಒಪ್ಪದ ಮುಲಾಮು. ಕೈ ಫಿಲ್ಮು ಸಾಗುವ ದಿಕ್ಕಿನಲ್ಲೇ ಆಡಬೇಕು. ಹಿಗ್ಗಿಸಿದ ಬದಿಯ ಹಳೆಯ ಹಳಿ ಈಗ ಚಿತ್ರದ ಮೈಗೇ ತಾಗುವುದರಿಂದ ಅದನ್ನು ತಗ್ಗಿಸಲೇಬೇಕು. ಫಿಲ್ಮನ್ನು ಹೊರುವ ಉಳಿದ ಹಳಿಗಳನ್ನು ಮಾತ್ರ ಮುಟ್ಟಕೂಡದು. ಸಿ-ಮೌಂಟ್ ಕ್ಯಾಮೆರಾದಲ್ಲಿ ಮಸೂರದ ಪೀಠಕ್ಕೂ ಫಿಲ್ಮಿಗೂ ಇರುವ ಅಂತರ 17.526 ಮಿ.ಮೀ.; ಅದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಮಸುಕಾದೀತು. ಎಲ್ಲಿ ಕೈ ತಡೆಯಬೇಕೆಂಬ ಈ ವಿವೇಕ ನಮ್ಮ ಅಕ್ಕಸಾಲಿಗಳಿಗೆ ಹೊಸದೇನಲ್ಲ.

ವಿಚಿತ್ರವೆಂದರೆ, ಇಷ್ಟು ಹೊಳಪು ಕೊಟ್ಟ ಅಂಚಿಗೆ ಮತ್ತೆ ಕಪ್ಪು ಬಳಿಯಬೇಕು. ಇಲ್ಲವಾದರೆ ಅದು ಬೆಳಕನ್ನು ಚಿತ್ರದೊಳಕ್ಕೆ ಚಿಮ್ಮಿಸುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಬರಿಯ ಲೋಹವನ್ನು ಒಡ್ಡುವುದೂ ಲೇಸಲ್ಲ. ಇಂಥ ಹಳೆಯ ಕ್ಯಾಮೆರಾಗಳ ಬಿಡಿಭಾಗಗಳು ಬಹುಮಟ್ಟಿಗೆ ಈಗ ತಯಾರಾಗುವುದಿಲ್ಲ. ಕೆಟ್ಟ ಗೇಟಿಗೆ ಬದಲಿ ಗೇಟು ಸಿಗುವುದು ದುರ್ಲಭ. ಲೋಹದ ಪುಡಿಯನ್ನೆಲ್ಲ ತೊಳೆದು, ಬೇಡವಾದ ಒಂದೆರಡು ಮೀಟರ್ ಫಿಲ್ಮನ್ನು ಓಡಿಸಿ, ಓರೆಬೆಳಕಿನಲ್ಲಿ ಹಿಡಿದು ನೋಡಬೇಕು. ಗೆರೆ ಕಂಡರೆ ಮತ್ತೆ 2000ರ ಕಾಗದಕ್ಕೆ ಮರಳಬೇಕು.